ಎಣಿಸಲೆಂದು ನೀವು ಹರಿದ ಪೊಟ್ಟಣ

ಆಮದು ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ನಾವು ಹೊರದೇಶದಿಂದ ತರಿಸಿದ ಐನೂರು ಎಲೆಕ್ಟ್ರಾನಿಕ್ ಚಿಪ್‌ಗಳು ನಿಮ್ಮ ಗೋದಾಮಿನಲ್ಲಿ ತೊಂಬತ್ತೆರಡು ದಿನ ಕೊಳೆಯುತ್ತ ಬಿದ್ದಿದ್ದವು. ಬರೀ ತಡವಾಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಬಂದದ್ದು ಕೆಟ್ಟು ಬಂತು. ಅದಕ್ಕೇ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ಬಡಗಿಯ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಡೆಯುವ ಪುಟ್ಟ ಕಂಪನಿ ನಮ್ಮದು. ಕಿವಿ ಕೇಳದ ತಾಯಂದಿರಿಗಾಗಿ ಕೈಪಟ್ಟಿ ಮಾಡುತ್ತೇವೆ. ತೊಟ್ಟಿಲಲ್ಲಿ ಮಗು ಅತ್ತರೆ ಅದು ತಾಯಿಯ ಮಣಿಕಟ್ಟಿನಲ್ಲಿ ನಡುಗುತ್ತದೆ. ಆ ನಡುಕ ಹುಟ್ಟಿಸುವುದೇ ಈ ಚಿಪ್. ನಿಮ್ಮ ಕಡತದಲ್ಲಿ ಅದು ಮೊದಲು ‘ಆಟಿಕೆ’ಯಾಯಿತು, ಆಮೇಲೆ ‘ಗಡಿಯಾರ’, ಕಡೆಗೆ ‘ಸಂಶಯಾಸ್ಪದ ಪ್ರಸಾರ ಯಂತ್ರ’. ಇಷ್ಟು ಬೇಗ ಬಡ್ತಿ ನಿಮ್ಮ ಕಚೇರಿಯಲ್ಲಿ ಇನ್ಯಾರಿಗಾದರೂ ಸಿಕ್ಕಿದೆಯೇ?

ನನ್ನ ತಂಗಿಗೂ ಕಿವಿ ಕೇಳದು. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಆರು ತಿಂಗಳ ಮಗುವಿದೆ. ಮೊದಲ ಪಟ್ಟಿ ನಿನಗೇ ಎಂದು ಮಾತು ಕೊಟ್ಟಿದ್ದೆ. ಎಪ್ಪತ್ತನೆಯ ದಿನ ಮಧ್ಯಾಹ್ನ ಅವಳು ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಾಗ ಮಗುವಿನ ಕಾಲು ತೊಟ್ಟಿಲ ಸರಳುಗಳ ನಡುವೆ ಸಿಕ್ಕಿಕೊಂಡಿತು. ಎಷ್ಟು ಹೊತ್ತು ಅತ್ತಿತೋ ದೇವರೇ ಬಲ್ಲ. ಅವಳು ಬಂದು ನೋಡಿದಾಗ ಪಾದ ನೀಲಿಗಟ್ಟಿತ್ತು; ಸಂಜೆ ನಾನು ಹೋದಾಗಲೂ ಮಗುವಿನ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಕಾಲು ಉಳಿಯಿತು. ಅಂದಿನಿಂದ ತಂಗಿ ಮಗುವಿನ ಕಾಲಿಗೊಂದು ದಾರ ಕಟ್ಟಿ, ಅದರ ಇನ್ನೊಂದು ತುದಿ ತನ್ನ ಕೈಗೆ ಸುತ್ತಿಕೊಂಡೇ ಹೊಲಿಯುತ್ತಾಳೆ.

ಮರುದಿನವೇ ನಿಮ್ಮ ಕಚೇರಿಗೆ ಓಡಿ ಬಂದೆ. ಗುಮಾಸ್ತರು ತಲೆಯೆತ್ತಲಿಲ್ಲ. “ಐನೂರು ಇದ್ಯೋ ಇಲ್ವೋ ಎಣಿಸ್ಬೇಡ್ವೇನಮ್ಮಾ?”

“ಎಣಿಸಿ ಸಾರ್, ಪೊಟ್ಟಣ ಮಾತ್ರ ಒಡೀಬೇಡಿ. ತೇವ ತಗುಲಿದ್ರೆ ಬೆಸುಗೆ ಹಾಕುವಾಗ ಸಿಡಿದುಹೋಗ್ತವೆ. ಮೇಲೇ ಬರ್ದಿದೆ.”

“ಅಯ್ಯೋ, ಅದು ಒಡೆದು ತಿಂಗಳಾಯ್ತಲ್ಲ!”

ಕೈಗೆ ಬಂದ ಮೇಲೆ ಎರಡು ದಿನ ಬಿಸಿಯಲ್ಲಿಟ್ಟು ಒಣಗಿಸಿದೆವು. ಆದರೂ ಮೊದಲ ಇಪ್ಪತ್ತರಲ್ಲಿ ಹದಿನಾರು ಸಿಡಿದವು. ಬೆಸುಗೆ ಹಾಕುವ ನಮ್ಮ ಹಿರಿಯರು, ಎಲ್ಲರಿಗೂ ದೊಡ್ಡಮ್ಮ, ಕನ್ನಡಕ ತೆಗೆದಿಟ್ಟರು. “ಉಳಿದವೂ ಬೇಡ ಕಣೆ. ಮಗು ಅತ್ತಾಗ ಇದು ನಡುಗ್ದೇ ಹೋದ್ರೆ ಆ ಪಾಪ ನಮ್ದೇ.” ಐನೂರನ್ನೂ ಕಸಕ್ಕೆ ಸುರಿದೆವು. ಪೊಟ್ಟಣ ಹರಿದ ಕೈಗೆ ಇಷ್ಟು ಅಳುಕು ಏಕೆ ಬರಲಿಲ್ಲ?

ಸಾಲ ಮಾಡಿ ಮತ್ತೆ ತರಿಸಿದ ಚಿಪ್‌ಗಳ ಎರಡನೆಯ ಪೆಟ್ಟಿಗೆ ಮೊನ್ನೆ ನಿಮ್ಮ ಗೋದಾಮಿಗೆ ಬಂದಿದೆ. ತಪಾಸಣೆ ಬೇಡವೆನ್ನುವುದಿಲ್ಲ. ಏಳು ದಿನದೊಳಗೆ ಮಾಡಿ, ನನ್ನೆದುರೇ ಮಾಡಿ; ಒಡೆಯಲೇಬೇಕು ಎನ್ನುವವರು ಕಾರಣ ಬರೆದು ಸಹಿ ಹಾಕಲಿ. ನಾಳೆ ಬೆಳಗ್ಗೆ ಬರುತ್ತೇನೆ. ತಂಗಿ ಮಗುವನ್ನು ಪಕ್ಕದಲ್ಲಿ ಮಲಗಿಸಿ, ತಲೆ ತಗ್ಗಿಸಿ ಹೊಲಿಯುತ್ತ ನಿಮ್ಮ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಿರುತ್ತಾಳೆ. ನಾನು ಒಳಗಿರುವಾಗ ಮಗು ಅತ್ತರೆ, ದಯವಿಟ್ಟು ನಿಮ್ಮಲ್ಲಿ ಯಾರಾದರೂ ಎದ್ದು ಹೋಗಿ ಅವಳಿಗೆ ತಿಳಿಸಿ.

ಇಂತಿ,
ನಿಮ್ಮ ಕಡತದಲ್ಲಿ ಅರ್ಜಿದಾರಳು,
ಮನೆಯಲ್ಲಿ ಮಾತಿಗೆ ತಪ್ಪಿದ ಅಕ್ಕ