ಶಾಂಘೈ ಮತ್ತೆ ಚಕ್ರವರ್ತಿಗಳದಾದ ಬೆಳಗು

ಶಾಂಘೈ, ಉತ್ತರ ಕೋಟೆಬಾಗಿಲ ಓಣಿ
ಷ್ಯೆನ್‌ಫೆಂಗ್ ಚಕ್ರವರ್ತಿಗಳ ಐದನೆಯ ವರ್ಷ, ಮೊದಲ ತಿಂಗಳು

ನಿಂಗ್ಬೊದಲ್ಲಿರುವ ನನ್ನ ಯಜಮಾನರಾದ ಲು ವೆನ್‌ಕೈ ಅವರಿಗೆ ಯಿನ್‌ಹ್ವಾಳ ನಮಸ್ಕಾರಗಳು.

ನಾನು ಬದುಕಿದ್ದೇನೆ. ನೀವು ಕೇಳಿಲ್ಲವಾದರೂ ಮೊದಲು ಇದನ್ನೇ ಬರೆಯಬೇಕೆನಿಸಿತು. ಕೆಂಪು ರುಮಾಲಿನ ಬಂಡಾಯಗಾರರು ಪಟ್ಟಣ ಹಿಡಿದ ದಿನ, ದೋಣಿಯಲ್ಲಿ ಒಬ್ಬರಿಗೇ ಜಾಗ, ಆಮೇಲೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹೋದಿರಿ. ಚಕ್ರವರ್ತಿಗಳ ಸೈನ್ಯ ಬಂದು ಕೋಟೆಗೆ ಮುತ್ತಿಗೆ ಹಾಕಿತು. ದೋಣಿ ಬರಲಿಲ್ಲ, ಅಕ್ಕಿಯೂ ಬರಲಿಲ್ಲ. ಕೊನೆಕೊನೆಗೆ ಚರ್ಮದ ಪಟ್ಟಿ ಬೇಯಿಸಿ ತಿಂದೆವು. ಹಸಿವು ವಿಪರೀತವಾದಾಗ ಲೋಕ ನೀರಿನಡಿಯಲ್ಲಿದ್ದಂತೆ ಕಾಣುತ್ತದೆ. ಗೋಡೆಗಳು ಮೆಲ್ಲಗೆ ತೂಗುತ್ತವೆ, ಸತ್ತುಹೋದ ಅಮ್ಮ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿರುತ್ತಾಳೆ.

ಆಗ ನನಗೂ ಪಕ್ಕದ ಮನೆಯ ಗು ಅಜ್ಜಿಗೂ ತನ್ನ ಪಾಲಿನ ಗಂಜಿ ತಂದುಕೊಟ್ಟವನು ಅಫುಕ್. ಕ್ಯಾಂಟನ್ ಕಡೆಯ ನಾವಿಕ, ಬಂಡಾಯಗಾರ.

ಹೊಸವರ್ಷದ ಬೆಳಗಾಗುವಾಗ ಪಟ್ಟಣ ಉರಿಯುತ್ತಿತ್ತು. ಬಂಡಾಯಗಾರರು ಓಡಿಹೋಗಿದ್ದರು, ಸೈನ್ಯ ಒಳನುಗ್ಗಿತ್ತು. ಎಲ್ಲೆಲ್ಲೂ ಮಂಜು, ಹೊಗೆ, ಹೂವಿನ ಹಾಗೆ ಹಗುರಾಗಿ ಇಳಿಯುವ ಬೂದಿ. ಕಾಲಿಗೆ ಗಾಯವಾಗಿ ಓಡಲಾರದ ಅಫುಕ್ ನಮ್ಮ ಹೊಸ್ತಿಲ ಮೇಲೆ ಕುಸಿದಿದ್ದ. ಗಂಡಸರು ಮುಂದಲೆ ಬೋಳಿಸಿ ಜಡೆ ಬಿಡಬೇಕೆಂಬ ಚಕ್ರವರ್ತಿಗಳ ಆಜ್ಞೆ ಮೀರಿ ಬಂಡಾಯ ಸೇರಿದವರೆಲ್ಲ ಜಡೆ ಕತ್ತರಿಸಿಕೊಂಡಿದ್ದರು. ಜಡೆಯಿಲ್ಲದ ಗಂಡಸಿನ ತಲೆ ಅಂದು ಉಳಿಯುವಂತಿರಲಿಲ್ಲ. ನೀವು ಬಿಟ್ಟುಹೋದ ಕ್ಷೌರದ ಕತ್ತಿಯಿಂದ ಅವನ ಮುಂದಲೆ ಬೋಳಿಸಿದೆ. ಬೆಳ್ಳಗೆ ಎದ್ದುಕಂಡ ಚರ್ಮ ಬಿಸಿಲಿಗೆ ಕಂದಿದಂತೆ ಕಾಣಲೆಂದು ಚಹಾದ ನೀರು ಸವರಿದೆ. ನನ್ನ ಕೂದಲನ್ನು ಬುಡದವರೆಗೆ ಕತ್ತರಿಸಿ, ಜಡೆ ಹೆಣೆದು, ನಿಮ್ಮ ಟೋಪಿಯೊಳಗೆ ಹೊಲಿದು ಅವನ ತಲೆಗಿಟ್ಟೆ. ನಿದ್ದೆಯಲ್ಲಿ ಹೊಲಿದ ಹಾಗಿತ್ತು. ಕೂದಲಿಲ್ಲದ ನನ್ನ ತಲೆಗೆ ಬಟ್ಟೆ ಸುತ್ತಿಕೊಂಡೆ.

ಸೈನಿಕರು ಬಂದರು. ಅವರ ನಾಯಕ ಇವನಾರೆಂದು ಕೇಳಿದ. ನನ್ನ ಗಂಡ ಅಂದೆ, ನಿಮ್ಮ ಹೆಸರು ಹೇಳಿದೆ. ಅಫುಕ್ ಒಂದು ಮಾತಾಡಿದ್ದರೂ ಕ್ಯಾಂಟನ್ನಿನವನೆಂದು ತಿಳಿದುಬಿಡುತ್ತಿತ್ತು.

"ಯಾಕೆ, ಇವ್ನಿಗೆ ಬಾಯಿಲ್ವಾ?" ಅಂದ ನಾಯಕ.

ಗು ಅಜ್ಜಿ ಪಕ್ಕದಲ್ಲೇ ತನ್ನ ಮನೆಯ ಗೋಡೆಗೊರಗಿಕೊಂಡೇ ಹೇಳಿದಳು: "ಮದುವೆ ಆದಾಗ್ಲಿಂದ ಹೆಂಡ್ತಿ ಹತ್ರಾನೇ ನೆಟ್ಟಗೆ ಮಾತಾಡಿಲ್ಲ ಕಣಪ್ಪ. ನಿನ್ ಹತ್ರ ಮಾತಾಡ್ತಾನಾ?"

ಸೈನಿಕರು ನಕ್ಕರು. ನಾಯಕ ಕತ್ತಿಯ ತುದಿಯಿಂದ ಜಡೆ ಎತ್ತಿ ನೋಡಿದ. ಮತ್ತೆ ಮೆಲ್ಲಗೆ ಬಿಟ್ಟ. ಅವರು ಮಂಜಿನೊಳಗೆ ಕರಗಿಹೋದರು. ಪಕ್ಕದ ಓಣಿಯಲ್ಲಿ ಯಾರೋ ಚೀರಿದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ.

ಈಗ ಹೊಳೆಗೆ ಹಡಗುಗಳು ಬರುತ್ತಿವೆ, ಅಕ್ಕಿ ಸಿಗುತ್ತಿದೆ. ಎಲ್ಲ ಮೊದಲಿನಂತಾಯಿತು ಎಂದು ಜನ ಹೇಳುತ್ತಾರೆ. ನಾನು ಅಲ್ಲಗಳೆಯುವುದಿಲ್ಲ. ನಿಮ್ಮ ಆರೋಗ್ಯ ಜೋಪಾನ.

ಇಂತಿ,
ಯಿನ್‌ಹ್ವಾ

ತಾ.ಕ.: ಅಧಿಕಾರಿಗಳು ಬಂದು ಮನೆಯವರ ಹೆಸರು ಕೇಳಿಕೊಂಡು ಹೋದರು. ಅವರ ಲೆಕ್ಕದಲ್ಲಿ ಲು ವೆನ್‌ಕೈ ಇಲ್ಲೇ ಇದ್ದಾನೆ, ಹೆಂಡತಿಯೊಂದಿಗೆ. ನಾನೂ ಅದನ್ನು ತಿದ್ದಲು ಹೋಗಿಲ್ಲ. ತಿದ್ದುವ ಮನಸ್ಸೂ ಇಲ್ಲ. ಬರುವುದಾದರೆ ಬೇರೆ ಹೆಸರಿಟ್ಟುಕೊಂಡು ಬನ್ನಿ, ಊಟ ಹಾಕುತ್ತೇನೆ. ಓದಿದ ಮೇಲೆ ಈ ಕಾಗದ ಸುಟ್ಟುಬಿಡಿ. ನಿಮ್ಮ ಮೇಲೆ ಅಷ್ಟು ನಂಬಿಕೆ ಇನ್ನೂ ಉಳಿದಿದೆ.