ಹದಿನೇಳನೇ ಡ್ರೈವ್ ಹಾಡಿದ್ದು

ಚ್ಯೂಮೇ ಅಕ್ಕ,

ಚಾಂದ್ರಮಾನ ಹೊಸ ವರ್ಷದ ನಾಲ್ಕನೇ ದಿನ, ಮಧ್ಯಾಹ್ನ ಎರಡು ಗಂಟೆ. ಜುಬೇಯ ನಮ್ಮ ಹಳೇ ಪ್ರಯೋಗಾಲಯದಲ್ಲಿ, ನಿಮ್ಮದೇ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಊರೆಲ್ಲ ರಜೆಯಲ್ಲಿದೆ. ಕಂಪ್ಯೂಟರ್ ಡ್ರೈವುಗಳನ್ನು ಪರೀಕ್ಷಿಸುವ ಕಪಾಟುಗಳಿಗೆ ಮಾತ್ರ ಹಬ್ಬ ಗೊತ್ತಿಲ್ಲ, ಅವು ಬರೆಯುತ್ತಿವೆ, ಅಳಿಸುತ್ತಿವೆ, ಮತ್ತೆ ಬರೆಯುತ್ತಿವೆ.

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಕಳೆದ ತಿಂಗಳು ನೀವು ಫೋನ್ ಮಾಡಿ, "ರೂಯಿಂಗ್, ಹೊಸ ವರ್ಷದ ಹದಿನೈದಕ್ಕೆ ದೀಪದ ಹಬ್ಬ ಅಲ್ವಾ, ಅದರ ಮಾರನೇ ದಿನ ಅಮ್ಮನ ಸಮಾಧಿ ಗುಡಿಸೋಕೆ ಎಲ್ಲಾರೂ ಬರ್ತಿದಾರೆ. ನಮ್ಮ ತಮ್ಮ ಅಲಿಯಾಂಗ್‌ಗೆ ಅಮ್ಮನ ದನೀನೇ ಮರ್ತುಹೋಗಿದೆಯಂತೆ ಕಣೇ. ಅಳ್ತಿದ್ದ. ಅವನಿಗೊಂದ್ಸಲ ಕೇಳಿಸ್ಬೇಕು. ಹಾಡು ನಿನ್ನತ್ರ ಭದ್ರವಾಗಿದೆ ತಾನೆ?" ಎಂದಿರಿ. ನಾನು ಯೋಚಿಸದೆ "ಇದೆ ಅಕ್ಕ" ಎಂದೆ. ಡ್ರೈವ್ ಇತ್ತು. ನೀವು ನಿವೃತ್ತಿಯ ದಿನ ಕೈಗಿಟ್ಟ ಅದೇ ಹದಿನೇಳನೇ ಡ್ರೈವ್, ಅದೇ ಡ್ರಾಯರ್‌ನಲ್ಲಿ, ಅದೇ ಕರವಸ್ತ್ರದಲ್ಲಿ. ಆದರೆ ಆರು ವರ್ಷದಿಂದ ಅದಕ್ಕೆ ಒಂದು ಸಲವೂ ವಿದ್ಯುತ್ ಕೊಟ್ಟಿರಲಿಲ್ಲ. ಪ್ರತಿ ವರ್ಷ ಹೊಸ ಹುಡುಗರ ಮುಂದೆ ನಿಂತು, "ಸವೆದ ಡ್ರೈವನ್ನು ಸುಮ್ಮನೆ ಇಟ್ಟರೆ ಅದು ಮರೆಯುತ್ತದೆ" ಎಂದು ಪಾಠ ಹೇಳುವವಳು ನಾನೇ. ನಾಳೆ ಪ್ರತಿ ಮಾಡಿಕೊಂಡರಾಯಿತು ಎಂದು ಆರು ವರ್ಷ ಅಂದುಕೊಂಡವಳೂ ನಾನೇ.

ನಾನು ಇಲ್ಲಿಗೆ ಬಂದ ಮೊದಲ ವಾರ ನಿಮಗೆ ನೆನಪಿದೆಯೇ? ಊಟದ ಹೊತ್ತಿಗೆ ಕವಿತೆಯ ಪುಸ್ತಕ ಹಿಡಿದು ಕೂರುತ್ತಿದ್ದೆ. ನೀವು ನನ್ನ ಡಬ್ಬಿಯಿಂದ ಒಣ ಮೂಲಂಗಿ ಹಾಕಿದ ಮೊಟ್ಟೆ ದೋಸೆಯನ್ನು ಕೇಳದೆ ಮುರಿದುಕೊಂಡು, "ಕವಿತೆ ಬೇಕಾ? ಇಲ್ಲಿ ಬಾ, ತೋರಿಸ್ತೀನಿ" ಎಂದು ಕಾಗದದ ಮೇಲೆ ಒಂದು ಚೌಕ ಬರೆದಿರಿ. "ಇದು ಡ್ರೈವ್ ಒಳಗಿನ ಒಂದು ಕೋಣೆ. ಸುತ್ತ ಗಾಜಿನ ಗೋಡೆ. ಬಾಗಿಲಿಲ್ಲ, ಕಿಟಕಿ ಇಲ್ಲ. ಒಳಗೆ ಒಂದಿಷ್ಟು ಎಲೆಕ್ಟ್ರಾನ್ ಕೂತಿದಾವೆ. ಎಷ್ಟು ಕೂತಿದಾವೆ ಅನ್ನೋದೇ ನೆನಪು." ಬಾಗಿಲಿಲ್ಲದಿದ್ದರೆ ಒಳಗೆ ಹೋದದ್ದು ಹೇಗೆ ಎಂದೆ. ನೀವು ದೋಸೆ ಅಗಿಯುತ್ತ, "ಗೋಡೆ ದಾಟ್ಕೊಂಡು" ಎಂದಿರಿ. ನಾನು ಸ್ನಾತಕೋತ್ತರ ಪದವಿಗೆ ಅದರ ಸೂತ್ರವನ್ನೆಲ್ಲ ಓದಿದ್ದೆ. ಆದರೂ ಮೈ ಜುಮ್ಮೆಂದದ್ದು ಆ ದಿನ.

ಮುಂದಿನದನ್ನೂ ನೀವೇ ಹೇಳಿದಿರಿ. ಬರೆದಾಗೊಮ್ಮೆ, ಅಳಿಸಿದಾಗೊಮ್ಮೆ ಎಲೆಕ್ಟ್ರಾನುಗಳು ಗೋಡೆ ದಾಟಬೇಕು. ದಾಟಿದಾಗೆಲ್ಲ ಗಾಜಿನಲ್ಲಿ ಒಂದು ಗೀರು ಉಳಿಯುತ್ತದೆ. ಗೀರು ಹೆಚ್ಚಿದಂತೆ ಗೋಡೆ ಸೋರತೊಡಗುತ್ತದೆ, ಕೂತವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಆದ್ದರಿಂದ ಒಂದೇ ಕೋಣೆಗೆ ಕೆಲಸ ಹೇರಬಾರದು, ಎಲ್ಲ ಕೋಣೆಗಳೂ ಸಮನಾಗಿ ಸವೆಯಬೇಕು. ಅದಕ್ಕೆ ನೀವು ಕೊಟ್ಟ ಹೋಲಿಕೆ ಶಿನ್‌ಪುವಿನ ನಿಮ್ಮ ಮನೆಯ ಅಂಗಳದ್ದು. ಒಂಬತ್ತನೇ ತಿಂಗಳ ಗಾಳಿ ಶುರುವಾದಾಗ ನಿಮ್ಮಮ್ಮ ಪರ್ಸಿಮನ್ ಹಣ್ಣು ಸುಲಿದು ಬಿದಿರಿನ ತಟ್ಟೆಗಳಲ್ಲಿ ಒಣಗಲು ಇಡುತ್ತಿದ್ದರು. ಗಂಟೆಗೊಮ್ಮೆ ಎದ್ದು ತಟ್ಟೆಗಳ ಜಾಗ ಬದಲಿಸುತ್ತಿದ್ದರು. "ಒಂದೇ ತಟ್ಟೆ ಬಿಸಿಲು ತಿಂದ್ರೆ ಒಂದು ಸುಟ್ಟುಹೋಗತ್ತೆ, ಇನ್ನೊಂದು ಕೊಳೆಯತ್ತೆ. ನಮ್ಮ ಇಂಜಿನಿಯರುಗಳು ಇದನ್ನ ಈಗ ಕಂಡುಹಿಡಿದ್ರಂತೆ! ನಮ್ಮಮ್ಮ ಮೂರನೇ ಕ್ಲಾಸು." ಆಮೇಲೆ ಕಪಾಟುಗಳ ಮುಂದೆ ಹಾದು ಹೋಗುವಾಗೆಲ್ಲ ನನಗೆ ಹಣ್ಣಿನ ಕಿತ್ತಳೆ ಬಣ್ಣ ಕಾಣುತ್ತಿತ್ತು.

ಹದಿನೇಳನೆಯದು ಮಾತ್ರ ನಮ್ಮ ಲೆಕ್ಕಕ್ಕೆ ಸಿಗಲಿಲ್ಲ. ಮುನ್ನೂರು ಸಲ ತುಂಬಿ ಅಳಿಸಲು ಬಾಳುತ್ತದೆ ಎಂದು ಕಾಗದದಲ್ಲಿತ್ತು. ಜೊತೆಯವು ಎರಡು ಸಾವಿರಕ್ಕೆ, ಮೂರು ಸಾವಿರಕ್ಕೆ ಸತ್ತವು. ಇದು ಐದು ಸಾವಿರ ದಾಟಿತು. ಅದರ ಕಪಾಟಿನ ಮೇಲೆ ನೀವು ಇಟ್ಟಿದ್ದ ಹಸಿರು ತಿಂಡಿ ಪೊಟ್ಟಣವೇ ಕಾರಣ ಎಂದು ಅರ್ಧ ಆಫೀಸು ನಂಬಿತ್ತು. ಯಂತ್ರ ತಂಟೆ ಮಾಡದಿರಲಿ ಎಂದು ಎಲ್ಲರೂ ಇಡುತ್ತಾರೆ, ಆದರೆ ನಿಮ್ಮಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ಹೊಸಬನೊಬ್ಬ ಹಳದಿ ಪೊಟ್ಟಣ ಇಟ್ಟಾಗ, "ಹಳದಿ ದೀಪ ಹತ್ಲಿ ಅಂತಾನಾ ನಿನ್ನಾಸೆ? ತೆಗಿಯೋ ಅದನ್ನ!" ಎಂದು ಕೂಗಿದ್ದಿರಿ. ತಾರೀಖು ಮುಗಿದ ಪೊಟ್ಟಣ ಕಂಡರೆ ನಿಮಗೆ ಮುಖ ಸಪ್ಪಗಾಗುತ್ತಿತ್ತು.

ಪರೀಕ್ಷೆ ಮುಗಿದ ಡ್ರೈವುಗಳನ್ನು ಪುಡಿ ಮಾಡುವ ಮೊದಲು ಹಳಬರು ಒಂದೊಂದು ಕೇಳಿ ಪಡೆಯುವುದು ನಮ್ಮಲ್ಲಿ ವಾಡಿಕೆಯಷ್ಟೆ. ನೀವು ಹದಿನೇಳನೆಯದನ್ನು ಕೇಳಿದಿರಿ. ಅಮ್ಮ ಹಣ್ಣು ಸುಲಿಯುತ್ತ ಹಾಡಿದ್ದ ಬೆಟ್ಟದ ಹಾಡುಗಳ ಕ್ಯಾಸೆಟ್ಟಿಗೆ ಆಗಲೇ ಬೂಷ್ಟು ಹಿಡಿದಿತ್ತು. ಕೊನೆಯ ಸಲ ನುಡಿಸಿ ಡ್ರೈವಿಗೆ ತುಂಬುವಾಗಲೇ ಟೇಪು ತುಂಡಾಯಿತು. "ಪರವಾಗಿಲ್ಲ ಬಿಡು. ಇದು ಸಾಯೋ ಜಾತಿಯಲ್ಲ" ಎಂದು ಡ್ರೈವನ್ನು ತಟ್ಟಿದಿರಿ. ಬೇರೆ ಯಾರೇ ಆಗಿದ್ದರೂ ಹೊಸದೊಂದು ಕೊಂಡು ತುಂಬುತ್ತಿದ್ದರು. ಎಷ್ಟು ಸವೆದರೂ ಇದು ಬಿದ್ದಿಲ್ಲವಲ್ಲ ಎಂಬ ಪ್ರೀತಿಗೆ, ನಾವು ಅತ್ಯಂತ ಸವೆದದ್ದರಲ್ಲೇ ಅಮ್ಮನನ್ನು ಇಟ್ಟೆವು.

ನಿಮ್ಮ ಫೋನ್ ಬಂದ ಮೇಲೆ ಎರಡು ವಾರ ನಾನು ಅದನ್ನು ಮುಟ್ಟಲಿಲ್ಲ. ಸುಮ್ಮನೆ ಚಾಲೂ ಮಾಡಿದರೆ ಅದು ಎಚ್ಚರಾದ ಕೂಡಲೇ ಮನೆಗೆಲಸ ಶುರು ಮಾಡುತ್ತದೆ. ಮಾಸಿದ್ದನ್ನು ತಪ್ಪಾಗಿ ಓದಿ, ತಪ್ಪನ್ನೇ ಬೇರೆ ಕಡೆ ಬರೆದು, ಮೂಲವನ್ನು ಅಳಿಸಿಬಿಡಬಹುದು. ಒಂದೇ ಅವಕಾಶ. ಕೊನೆಗೆ ಅದಕ್ಕೆಂದೇ ಒಂದು ಸಣ್ಣ ಆಜ್ಞಾವಳಿ ಬರೆದೆ. ಏನನ್ನೂ ಬರೆಯಬೇಡ, ಏನನ್ನೂ ಒರೆಸಬೇಡ, ಕೇಳಿದಾಗ ಓದು, ಅಷ್ಟೆ. ನಿನ್ನೆ ಬೆಳಿಗ್ಗೆ ಅದನ್ನು ತುಂಬಿ, ಹೊಸ ಹಸಿರು ಪೊಟ್ಟಣ ಪಕ್ಕದಲ್ಲಿಟ್ಟು, ವಿದ್ಯುತ್ ಕೊಟ್ಟೆ.

ಏನೂ ಬರಲಿಲ್ಲ. ಪ್ರತಿ ಕೋಣೆಯಿಂದಲೂ ಒಂದೇ ಉತ್ತರ, ಓದಲಾಗುತ್ತಿಲ್ಲ. ನಿಮಗೆ ಏನು ಹೇಳಲಿ, ಅಲಿಯಾಂಗ್‌ಗೆ ಏನು ಹೇಳಲಿ ಎಂದು ಕೈ ಕಟ್ಟಿ ಕೂತೆ. ಊಟದ ಡಬ್ಬಿ ತೆರೆಯಲೂ ಮನಸ್ಸಾಗಲಿಲ್ಲ. ಆಗ ಹೊಳೆಯಿತು, ಅಕ್ಕ. ನಾನು ಹೊಸ ಡ್ರೈವಿಗೆ ಹಿಡಿಯುವ ಅಳತೆಕೋಲನ್ನೇ ಇದಕ್ಕೂ ಹಿಡಿದಿದ್ದೆ. ಇಷ್ಟು ಎಲೆಕ್ಟ್ರಾನ್ ಇದ್ದರೆ ಮಾತ್ರ ನೆನಪು ಇದೆ, ಇಲ್ಲದಿದ್ದರೆ ಇಲ್ಲ ಎಂದು. ಆರು ವರ್ಷದಲ್ಲಿ ಎಷ್ಟೋ ಎದ್ದು ಹೋಗಿರಬಹುದು, ಎಲ್ಲವೂ ಹೋಗಿರಬೇಕಿಲ್ಲವಲ್ಲ. ಕೆರೆಯ ನೀರು ಇಳಿದಿದ್ದರೆ ಮೆಟ್ಟಿಲು ಇಳಿದು ತುಂಬಿಕೊಳ್ಳಬೇಕು. ಅಳತೆಕೋಲಿನ ಗುರುತನ್ನು ಒಂದು ಹಂತ ಇಳಿಸಿದೆ. ಇನ್ನೊಂದು. ಏಳನೇ ಹಂತದಲ್ಲಿ ಮೊದಲ ತುಣುಕು ಬಂತು.

ಆಮೇಲೆ ಕೋಣೆ ಕೋಣೆಗೂ ಬೇರೆ ಬೇರೆ ಗುರುತು. ಕೆಲವಕ್ಕೆ ಇಪ್ಪತ್ತು ಸಲ ಕೇಳಬೇಕಾಯಿತು. ಐದು ಸಾವಿರ ಸಲ ಗೀರಿದ ಗಾಜಿನ ಹಿಂದೆ, ಯಾರೂ ಕೇಳದಿದ್ದರೂ, ಬೆಳಕಿಲ್ಲದೆ, ವಿದ್ಯುತ್ತಿಲ್ಲದೆ, ಬೆರಳೆಣಿಕೆಯ ಎಲೆಕ್ಟ್ರಾನುಗಳು ಆರು ವರ್ಷ ಕೂತೇ ಇದ್ದವು. ಈ ಪ್ರಯೋಗಾಲಯ ಸದಾ ತಣ್ಣಗಿರುವುದು ಕಾರಣವಿರಬಹುದು, ನೀವು ಆರಿಸಿದ್ದು ಆ ಹದಿನೇಳನೆಯದೇ ಎಂಬುದೂ ಕಾರಣವಿರಬಹುದು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವಳು ನಾನು. ನಿನ್ನೆ ಅದರ ಮುಂದೆ ಕೈ ಮುಗಿದು ನಿಂತಿದ್ದೆ.

ನಲವತ್ತು ನಿಮಿಷದ ಹಾಡಿನಲ್ಲಿ ಮೂವತ್ತೊಂದು ಬಂದಿದೆ. ಬಾರದ ಕಡೆಗಳಲ್ಲಿ ಮೌನ. ಅದನ್ನು ನಾನು ಯಾವುದರಿಂದಲೂ ತುಂಬಿಲ್ಲ.

ಇವತ್ತು ಬೆಳಿಗ್ಗೆ ಅದನ್ನು ಜೋರಾಗಿ ಹಾಕಿಕೊಂಡು ಕೇಳುತ್ತಿದ್ದಾಗ ಬಾಗಿಲು ತೆರೆದು ಝಾನ್ ಮ್ಯಾನೇಜರ್ ಬಂದರು. ಹಬ್ಬದ ರಜೆಯಲ್ಲಿ ಇವರಿಗೇನು ಕೆಲಸ ಎನ್ನುತ್ತೀರಾ? ಕೈಚೀಲದ ತುಂಬ ಹಸಿರು ಪೊಟ್ಟಣ! ಸಭೆಯಲ್ಲಿ "ಈ ಮೂಢನಂಬಿಕೆ ಸಾಕು" ಎನ್ನುವ ಅದೇ ಝಾನ್. ನನ್ನನ್ನು ಕಂಡು ಕಕ್ಕಾಬಿಕ್ಕಿಯಾಗಿ, "ಏನ್ರೀ, ಲ್ಯಾಬಲ್ಲಿ ಸಂಗೀತ ಕಛೇರಿ ಇಟ್ಕೊಂಡಿದೀರಾ?" ಎಂದು ಗದರಿದರು. "ನೀವು ಅಂಗಡಿ ಇಟ್ಕೊಂಡಿದೀರಲ್ಲ ಸಾರ್" ಎಂದೆ. ಅಷ್ಟರಲ್ಲಿ ಹಾಡು ಅವರ ಕಿವಿಗೆ ಬಿತ್ತು. ಅವರದೂ ನಿಮ್ಮ ಹಾಗೆ ಹಕ್ಕಾ ಭಾಷೆಯಾಡುವ ಮನೆ ಎಂದು ನನಗೆ ಮರೆತೇಹೋಗಿತ್ತು. ಚೀಲ ಹಿಡಿದೇ ನಿಂತರು, ಕೂರಲಿಲ್ಲ.

ಇಪ್ಪತ್ತೆಂಟನೇ ನಿಮಿಷದ ಹತ್ತಿರ ಅಮ್ಮ ಹಾಡು ನಿಲ್ಲಿಸಿ ಏನೋ ಹೇಳುತ್ತಾರೆ. ಗಾಳಿಯ ಸದ್ದು, ಚಾಕು ಇಟ್ಟ ಸದ್ದು. ನಿಮ್ಮ ಭಾಷೆ ನನಗೆ ಅರ್ಧಂಬರ್ಧ. ಏನಂದರು ಎಂದು ಝಾನ್ ಅವರನ್ನು ಕೇಳಿದೆ. ಅವರು ಚೀಲ ಕೆಳಗಿಟ್ಟು ಹೇಳಿದರು. "'ಚ್ಯೂಮೇ, ತಟ್ಟೆ ತಿರುಗಿಸಿದ್ಯೇನೇ?' ಅಂತಿದಾರೆ." ಅದರ ಹಿಂದೆಯೇ ಎಳೆಯ ದನಿಯೊಂದು, ನಿಮ್ಮದು, ನಾನು ಎಂದೂ ಕೇಳದ ವಯಸ್ಸಿನದು. "'ಆಗ್ಲೇ ಎದ್ದೆ ಕಣಮ್ಮಾ!' ಅಂತಿದಾರೆ" ಎಂದರು ಝಾನ್. ಆಮೇಲೆ ಹನ್ನೊಂದು ಸೆಕೆಂಡ್ ಓದಲಾಗದ ಮೌನ. ನೀವು ನಿಜವಾಗಿ ಎದ್ದಿರೋ ಇಲ್ಲವೋ ಆ ಕೋಣೆಗಳಿಗಷ್ಟೇ ಗೊತ್ತಿತ್ತು. ಮೌನ ಮುಗಿದಾಗ ಅಮ್ಮ ಮತ್ತೆ ಹಾಡುತ್ತಿದ್ದಾರೆ.

ಅಕ್ಕ, ನಾನಂತೂ ಎದ್ದಿರಲಿಲ್ಲ. ಆರು ವರ್ಷ "ಆಗ್ಲೇ ಎದ್ದೆ" ಎನ್ನುತ್ತ ಕೂತೇ ಇದ್ದೆ. ಈಗ ಹಾಡನ್ನು ಮೂರು ಹೊಸ ಡ್ರೈವುಗಳಲ್ಲಿ ಇಟ್ಟಿದ್ದೇನೆ. ಒಂದು ಅಲಿಯಾಂಗ್‌ಗೆ, ಒಂದು ನಿಮಗೆ, ಒಂದು ನನ್ನ ಹತ್ತಿರ. ಪ್ರತಿ ವರ್ಷ ದೀಪದ ಹಬ್ಬದ ದಿನ ಅದಕ್ಕೆ ವಿದ್ಯುತ್ ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಕೇಳಿ, ಹೊಸದಾಗಿ ಬರೆದಿಡುತ್ತೇನೆ. ನಾನಿಲ್ಲದ ಕಾಲಕ್ಕೂ ಯಾರಾದರೂ ಮಾಡುವಂತೆ ಡಬ್ಬಿಯ ಮೇಲೆ ಬರೆದಿದ್ದೇನೆ. ಹದಿನೇಳನೆಯದನ್ನು ಪುಡಿಗೆ ಕೊಡಬೇಡಿ ಎಂದು ಝಾನ್ ಅವರನ್ನು ಕೇಳಬೇಕಾಗಲಿಲ್ಲ. ಹೋಗುವ ಮೊದಲು ಅವರೇ ಅದರ ಪಕ್ಕದ ಪೊಟ್ಟಣದ ತಾರೀಖು ನೋಡಿ ಹೋದರು.

ಹದಿನಾರರ ಬೆಳಿಗ್ಗೆ ನಾನೇ ಶಿನ್‌ಪುವಿಗೆ ಬರುತ್ತೇನೆ. ಬೈಯುವುದನ್ನು ಅಲ್ಲಿಗೇ ಇಟ್ಟುಕೊಂಡಿರಿ, ಅಮ್ಮನ ಎದುರಿಗೇ ಬೈಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಬೆಟ್ಟದ ಗಾಳಿ ನಿಮ್ಮ ಮೊಣಕಾಲನ್ನು ನೋಯಿಸದಿರಲಿ, ಅಂಗಳದಲ್ಲಿ ಬಿಸಿಲು ಸರದಿಯಂತೆ ನಿಮ್ಮ ಮೇಲೂ ಬೀಳಲಿ.

ತಟ್ಟೆ ತಿರುಗಿಸಲು ಈಗಷ್ಟೇ ಎದ್ದ,
ನಿಮ್ಮ ರೂಯಿಂಗ್