ಮಂಗಳ ಗ್ರಹದ ಕಾಗದಕ್ಕೆ ಅವ್ವನ ರುಜು

ದೇವಸಮುದ್ರ ಹೋಬಳಿ,
ಮೊಳಕಾಲ್ಮುರು ತಾಲೂಕು
ಗುರುವಾರ, ೨೨ ಜನವರಿ ೨೦೨೬

ನನ್ನ ಚಿನ್ನ ಶಿಲ್ಪಾ,

ನಿನ್ನವ್ವನ ಆಶೀರ್ವಾದ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ನೀನು ಕೊಟ್ಟ ಮನೆಯವರ ಒಪ್ಪಿಗೆ ಪತ್ರ ಮೂರು ದಿನದಿಂದ ಟ್ರಂಕಿನ ಮೇಲೆ ಕೂತಿದೆ. ಬೆಳಿಗ್ಗೆ ರುಜು ಹಾಕಿಬಿಡೋಣ ಅನ್ನಿಸುತ್ತದೆ, ರೊಟ್ಟಿ ತಟ್ಟುವ ಹೊತ್ತಿಗೆ ಬೇಡ ಅನ್ನಿಸುತ್ತದೆ. ನನ್ನ ತಲೆ ನನ್ನ ಮಾತೇ ಕೇಳುತ್ತಿಲ್ಲ.

ನನಗೆ ತಿಳಿದದ್ದು ಇಷ್ಟು. ಮುಂದೊಂದು ದಿನ ಮಂಗಳ ಗ್ರಹಕ್ಕೆ ಮನುಷ್ಯರನ್ನು ಕಳಿಸುತ್ತಾರೆ. ಅದಕ್ಕೆ ಮೊದಲು ಚಳ್ಳಕೆರೆ ಆಚೆಯ ಆ ಬಿಳಿ ಮನೆಯಲ್ಲಿ ನಿಮ್ಮ ನಾಲ್ವರನ್ನು ಎಂಟು ತಿಂಗಳು ಮುಚ್ಚಿಟ್ಟು, ಮೈಮನಸ್ಸು ತಡೆಯುತ್ತವೋ ಇಲ್ಲವೋ ನೋಡುತ್ತಾರೆ. ನಾಲ್ವರಿಗೂ ನೀನೇ ನರ್ಸು. ಮಂಗಳದಿಂದ ಮಾತು ಬರಲು ಇಪ್ಪತ್ತು ನಿಮಿಷ ಬೇಕಂತೆ, ಅದಕ್ಕೇ ಇಲ್ಲೂ ಬೇಕೆಂದೇ ಅಷ್ಟು ತಡ ಮಾಡುತ್ತಾರೆ. ಇದರಲ್ಲಿ ಗೆದ್ದರೆ ನಿಜವಾಗಿ ಹೋಗುವವರ ಪಟ್ಟಿಯಲ್ಲಿ ನಿನ್ನ ಹೆಸರು. ಹೋಗಿ ಬರಲು ಎರಡೂವರೆ ವರ್ಷ. "ಏನ್ ಕರಿಯಕ್ಕ, ನಿನ್ ಅಳಿಯನ್ನ ಅಲ್ಲೇ ಹುಡುಕ್ತೀಯಾ?" ಎಂದು ಪಕ್ಕದ ಮನೆಯ ಸುಲೋಚನಮ್ಮ ರೇಗಿಸುತ್ತಾಳೆ. ನಗು ಬರಲಿಲ್ಲ ನನಗೆ.

ಸೋಮವಾರ ನಿನ್ನನ್ನು ನೋಡಲು ಬಂದಾಗ ಬುತ್ತಿಯನ್ನು ನೆಲಕ್ಕಿಟ್ಟು ಹಿಂದೆ ಸರಿದೆನಲ್ಲ, "ಅವ್ವ, ನಾನಿನ್ನೂ ಒಳಗೆ ಹೋಗಿಲ್ಲ, ಕೈಗೇ ಕೊಡು" ಎಂದು ನೀನು ನಕ್ಕೆ. ಬೇಕೆಂದು ಮಾಡಿದ್ದಲ್ಲ ಮಗಳೇ. ನಮ್ಮ ಹಟ್ಟಿಯಲ್ಲಿ ಆಗ ಬಾಣಂತಿ ಹಸುಗೂಸಿನ ಜೊತೆ ಬೇಲಿಯಾಚೆ ಗುಡಿಸಲಲ್ಲಿ ಇರಬೇಕಿತ್ತು. ಊಟ ತಂದವರು ದೂರ ಇಟ್ಟು ಸರಿಯುತ್ತಿದ್ದರು. ಸೂತಕ, ಯಾರೂ ಮುಟ್ಟುವಂತಿಲ್ಲ. ನಾನೂ ಅಲ್ಲಿದ್ದೆ. ಚಳಿ ಇತ್ತು, ಅಷ್ಟೇ. ಆ ಮಾತು ಬಿಡು.

ಒಳಗೆ ಯಾರಿಗಾದರೂ ಕಾಯಿಲೆಯಾದರೆ ಯಾರು ಹೋಗುತ್ತಾರೆ ಎಂದು ನಿಮ್ಮ ಡಾಕ್ಟರನ್ನು ಕೇಳಿದೆ. "ಯಾರೂ ಹೋಗಲ್ಲಮ್ಮ. ಮಂಗಳದಲ್ಲಿದ್ದಾಗ ಯಾರು ಹೋಗೋಕಾಗುತ್ತೆ? ಶಿಲ್ಪಾನೇ ನೋಡ್ಕೋಬೇಕು" ಅಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಇಷ್ಟು ಓದಿದವರು ಕಟ್ಟಿದ್ದೂ ಅದೇ ಗುಡಿಸಲೇ? ಇದು ಬೇರೆ ಎನ್ನುತ್ತಾರೆ ನಿಮ್ಮಪ್ಪ. ಇರಬಹುದು. ನನ್ನನ್ನು ಕಳಿಸಿದ್ದರು, ನೀನು ನಿನ್ನ ಇಷ್ಟದಿಂದ ಹೋಗುತ್ತಿದ್ದೀಯ. ಒಳಗೆ ಒಬ್ಬ ನರ್ಸು ಇರಲೇಬೇಕು, ಅದು ಸರಿ. ಆ ನರ್ಸು ನೀನೇ ಆಗಬೇಕಾ? ಹೆಮ್ಮೆಯೂ ಇದೆ, ಭಯವೂ ಇದೆ. ಯಾವುದು ಹೆಚ್ಚೋ ನನಗೇ ಗೊತ್ತಾಗುತ್ತಿಲ್ಲ.

ಹೊತ್ತುಹೊತ್ತಿಗೆ ಉಣ್ಣು.

ನಿನ್ನ ಅವ್ವ,
ಕರಿಯಕ್ಕ

ಇಷ್ಟು ಬರೆದ ಮೇಲೆ ರುಜು ಹಾಕಿದೆ. ಒಪ್ಪಿಗೆ ಪತ್ರದ ಹಿಂದೆ, ತಾಯಿ ಹೆತ್ತ ಮಕ್ಕಳು ಎಷ್ಟು ಎಂದು ಕೇಳಿದ್ದರು. ಎರಡು ಎಂದು ಬರೆದಿದ್ದೇನೆ. ತಪ್ಪೆಂದು ತಿದ್ದಬೇಡ. ನಿನಗಿಂತ ಮೊದಲು ಒಬ್ಬಳಿದ್ದಳು. ಗುಡಿಸಲಿಗೆ ಹೋದ ಹನ್ನೊಂದನೇ ದಿನ ಕೂಸಿನ ಮೈ ಸುಡತೊಡಗಿತು. ಏನು ಮಾಡಬೇಕೆಂದು ಎಲ್ಲರೂ ಬೇಲಿಯಾಚೆ ನಿಂತು ಕೂಗಿ ಹೇಳಿದರು, ನಿಮ್ಮಪ್ಪನೂ. ಮಗು ಉಳಿಯಲಿಲ್ಲ. ಒಳಗೆ ನನ್ನ ಜೊತೆ ಯಾರೂ ಇರಲಿಲ್ಲ.